ಕಾಗದದಷ್ಟು ಅಂತರ

ಕಾಲೇಜಿನಲ್ಲಿ ಪಾಠ ಹೇಳುವವರ ಕಿವಿಗೆ ದಿನಕ್ಕೆ ಹತ್ತು ಸಲವಾದರೂ ಬೀಳುವ ಮಾತು 'ಗೈಡು'. ನಮ್ಮಲ್ಲಿ ಇದಕ್ಕೆ ಎರಡು ಅರ್ಥ ರೂಢಿಯಲ್ಲಿವೆ. ಪರೀಕ್ಷೆಗೆ ಹದಿನೈದು ದಿನ ಉಳಿದಾಗ ವಿದ್ಯಾರ್ಥಿಯು ಅಂಗಡಿಯಿಂದ ಕೊಂಡು ತರುವ ತೆಳ್ಳನೆಯ ಪುಸ್ತಕ ಒಂದು ಗೈಡು. ಡಾಕ್ಟರೇಟಿಗೆ ಹೆಸರು ನೋಂದಾಯಿಸಿದ ಬಡಪಾಯಿ ಯಾರ ಮನೆಯ ಬಾಗಿಲಲ್ಲಿ ನಾಲ್ಕೈದು ವರ್ಷ ಚಪ್ಪಲಿ ಬಿಡುತ್ತಾನೋ ಆ ಮಹನೀಯರು ಇನ್ನೊಂದು ಗೈಡು. ಮೊದಲನೆಯದು ಓದುವ ಶ್ರಮವನ್ನು ತಪ್ಪಿಸುತ್ತದೆ. ಎರಡನೆಯದರ ವಿಷಯ ಬರೆಯುವುದು ಕ್ಷೇಮವಲ್ಲ. ನನ್ನ ಸಹೋದ್ಯೋಗಿಗಳೂ ಈ ಪುರವಣಿಯನ್ನು ಓದುತ್ತಾರೆ. ಈಚೆಗೆ ಈ ಮಾತಿಗೆ ಮೂರನೆಯ ಅರ್ಥವೊಂದನ್ನು ಕಲಿತೆ. ಕಲಿಸಿದ್ದು ಹಳೆಯದೊಂದು ಬ್ಯಾಂಡ್ ಸಾ ಯಂತ್ರ. ಒಬ್ಬರಿಗೆ ದಾರಿ ತೋರಿಸುವವನು ಅವರಿಂದ ಎಷ್ಟು ದೂರದಲ್ಲಿ ನಿಂತಿರಬೇಕು ಎಂಬ ಪ್ರಶ್ನೆ ಮೇಷ್ಟರ ಕೆಲಸ ಹಿಡಿದವರನ್ನು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಇಂಚುಪಟ್ಟಿ ಹಿಡಿದು ಉತ್ತರ ಹೇಳುವುದನ್ನು ನಾನು ಕಂಡದ್ದು ಇದೇ ಮೊದಲು.

ಸಾಮಿಲ್ಲಿನ ಪಕ್ಕದಲ್ಲಿ ಓಡಾಡಿದವರಿಗೆ ಬ್ಯಾಂಡ್ ಸಾ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಒಂದರ ಮೇಲೊಂದು ಎರಡು ಚಕ್ರ. ಎರಡನ್ನೂ ಬಳಸಿ ಮೊದಲು ಕೊನೆಯಿಲ್ಲದ ಒಂದು ಉಕ್ಕಿನ ಪಟ್ಟಿ. ಪಟ್ಟಿಯ ಒಂದು ಅಂಚಿಗೆ ಹಲ್ಲು. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ, ಮೇಲಿನದು ಪಟ್ಟಿಯ ಎಳೆತಕ್ಕೆ ತಾನೇ ತಿರುಗುತ್ತದೆ. ನಡುವೆ ಇರುವ ಮೇಜಿನ ಮೇಲೆ ಮರವನ್ನಿಟ್ಟು ಹಲ್ಲಿನ ಕಡೆಗೆ ದೂಡುತ್ತಾ ಹೋದರೆ ಆಯಿತು. ಲಂಡನ್ನಿನ ವಿಲಿಯಂ ನ್ಯೂಬರಿ 1809ರಲ್ಲೇ ಇದಕ್ಕೆ ಪೇಟೆಂಟು ಪಡೆದ. ಆದರೆ ತುದಿಗೆ ತುದಿ ಬೆಸೆದ ಪಟ್ಟಿ ಚಕ್ರದ ಮೇಲೆ ಬಾಗಿ ಬಾಗಿ ಬೆಸುಗೆಯಲ್ಲೇ ತುಂಡಾಗುತ್ತಿತ್ತು. ಹಾಗಾಗಿ ಸುಮಾರು ನಲವತ್ತು ವರ್ಷ ಆ ಯೋಚನೆ ಕೆಲಸಕ್ಕೆ ಬರಲಿಲ್ಲ. 1846ರಲ್ಲಿ ಆನ್ ಪೋಲಿನ್ ಕ್ರೆಪೆನ್ ಎಂಬ ಫ್ರೆಂಚ್ ಮಹಿಳೆ ಬೆಸುಗೆಯ ಹೊಸ ವಿಧಾನವೊಂದನ್ನು ಕಂಡುಹಿಡಿದ ಮೇಲೆ ಯಂತ್ರಕ್ಕೆ ಜೀವ ಬಂದಿತು. ಗರಗಸದ ಚರಿತ್ರೆಯಲ್ಲಿ ಒಬ್ಬ ಹೆಂಗಸಿನ ಹೆಸರು ಇಷ್ಟು ಮುಖ್ಯವಾದ ಜಾಗದಲ್ಲಿರುವುದು ನಮ್ಮ ಮರಗೆಲಸದವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ನಾನು ಹೇಳುತ್ತಿರುವ ಯಂತ್ರದ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಬಿ.ಎ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿ, ಆಮೇಲೆ ನಮ್ಮೂರಿನ ಹಿರಿಯ ಆಚಾರ್ರೊಬ್ಬರ ಕೈಕೆಳಗೆ ಮರಗೆಲಸ ಕಲಿಯಲು ಸೇರಿದ. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಒಂದು ಕಾರ್ಖಾನೆಯಿಂದ, ಹೊಸದರ ಮೂರನೆಯ ಒಂದು ಪಾಲು ಬೆಲೆಗೆ, ಹದಿನಾಲ್ಕು ಇಂಚು ಚಕ್ರದ ಎರಕದ ಕಬ್ಬಿಣದ ಯಂತ್ರವೊಂದನ್ನು ತಂದ. ಅಗ್ಗಕ್ಕೆ ಸಿಕ್ಕಿದ್ದೇಕೆಂಬುದು ಮೊದಲನೆಯ ಹಲಗೆಯನ್ನು ಕೊಯ್ದಾಗಲೇ ತಿಳಿಯಿತು. ಹಲಸಿನ ಹಲಗೆ, ಸೀಸದಕಡ್ಡಿಯಲ್ಲಿ ನೇರವಾಗಿ ಎಳೆದ ಗೆರೆ, ಗರಗಸ ಮಾತ್ರ ಗೆರೆ ಬಿಟ್ಟು ಕೆರೆಯ ಏರಿಯಂತೆ ಬಳಸಿಕೊಂಡು ಹೋಯಿತು. ಸುಟ್ಟ ಮರದ ವಾಸನೆ ಬೇರೆ.

ಮುಚ್ಚಳ ತೆಗೆದು ನೋಡಿದಾಗ ಕಂಡ ಸಂಗತಿ ನನಗೆ ಬಹಳ ಅರ್ಥವತ್ತಾಗಿ ತೋರಿತು. ಚಕ್ರದ ಅಂಚಿಗೆ ರಬ್ಬರಿನ ಟೈರು ಇರುತ್ತದೆ. ಆ ಟೈರು ಮಟ್ಟಸವಲ್ಲ. ನಡುವೆ ತುಸು ಉಬ್ಬು. ಪಟ್ಟಿಯನ್ನು ಚಕ್ರದ ಮೇಲೆ ನಿಲ್ಲಿಸಲು ಅಂಚಿನಲ್ಲಿ ಕಟ್ಟೆಯಿಲ್ಲ, ಕೊಕ್ಕೆಯಿಲ್ಲ. ಚಕ್ರದ ವಾಲು ಸರಿಯಾಗಿದ್ದರೆ ಪಟ್ಟಿ ತಾನಾಗಿಯೇ ಉಬ್ಬಿನ ನೆತ್ತಿಗೆ ಏರಿ ಅಲ್ಲೇ ಓಡುತ್ತದೆ. ಮೇಲಿನ ಚಕ್ರವನ್ನು ಹಿಂದೆ ಮುಂದೆ ವಾಲಿಸಲು ಒಂದು ತಿರುಪು ಇರುತ್ತದೆ. ಈ ಯಂತ್ರದಲ್ಲಿ ಆ ತಿರುಪು ತುಕ್ಕು ಹಿಡಿದು ಕಲ್ಲಾಗಿತ್ತು. ಪಟ್ಟಿ ಒಂದು ಕಡೆಗೆ ಸರಿದು ಓಡುತ್ತಿತ್ತು. ಹಿಂದಿನ ಯಜಮಾನ ಮಾಡಿದ್ದೇನೆಂದರೆ, ತಿರುಪನ್ನು ಬಿಡಿಸುವ ತೊಂದರೆ ತೆಗೆದುಕೊಳ್ಳದೆ, ಪಟ್ಟಿಯ ಎರಡು ಮಗ್ಗುಲಿಗೂ ಬೆನ್ನಿಗೂ ಇರುವ ಗೈಡುಗಳನ್ನು ಬಿಗಿಯಾಗಿ ಒತ್ತಿ, ಪಟ್ಟಿಯನ್ನು ತನಗೆ ಬೇಕಾದ ಕಡೆಗೆ ದೂಡಿ ನಿಲ್ಲಿಸಿದ್ದ. ಮೇಲುನೋಟಕ್ಕೆ ಎಲ್ಲ ನೆಟ್ಟಗಿತ್ತು. ಆದರೆ ಬೆನ್ನ ಹಿಂದಿನ ಬೇರಿಂಗಿನ ಮುಖದಲ್ಲಿ ಪಟ್ಟಿ ಸದಾ ಉಜ್ಜಿ ಒಂದು ಕಾಲುವೆಯನ್ನೇ ಕೊರೆದಿತ್ತು. ಬಲಗಡೆಯ ಗೈಡಿನ ಉಕ್ಕಿನ ತುಂಡಿಗೆ ಹಲ್ಲು ತಗುಲಿ ಗೀರು ಬಿದ್ದಿತ್ತು; ಆ ಕಡೆಯ ಹಲ್ಲುಗಳೂ ಮೊಂಡಾಗಿದ್ದವು. ಗೈಡು ಪಟ್ಟಿಯನ್ನು ತಿಂದಿತ್ತು, ಪಟ್ಟಿ ಗೈಡನ್ನು ತಿಂದಿತ್ತು.

ಆಚಾರ್ರು ಸೀಮೆಎಣ್ಣೆ ಬಿಟ್ಟು, ಎರಡು ದಿನ ನೆನೆಸಿ, ತಿರುಪನ್ನು ಬಿಡಿಸಿದರು. ಟೈರಿಗೆ ಮೆತ್ತಿ ಗಟ್ಟಿಯಾಗಿದ್ದ ಹೊಟ್ಟನ್ನೂ ಅಂಟನ್ನೂ ಕೆರೆದು ತೆಗೆದರು. ಹೊಸ ಪಟ್ಟಿ ತರಿಸಿದ್ದಾಗಿತ್ತು: ಎಂಟು ಅಡಿಗೆ ಸ್ವಲ್ಪ ಕಡಿಮೆ ಉದ್ದ, ಅರ್ಧ ಇಂಚು ಅಗಲ. ಪ್ಲಗ್ಗನ್ನು ಕಿತ್ತು ದೂರ ಇಟ್ಟ ಮೇಲೆ ಅವರು ಮಾಡಿದ ಮೊದಲನೆಯ ಕೆಲಸ, ಮೇಜಿನ ಮೇಲಿನ ಮತ್ತು ಕೆಳಗಿನ ಗೈಡುಗಳನ್ನೆಲ್ಲ ಸಡಿಲಿಸಿ, ಪಟ್ಟಿಗೆ ತಗಲದಷ್ಟು ದೂರಕ್ಕೆ ಸರಿಸಿದ್ದು. "ಇದೇನು ಆಚಾರ್ರೇ, ಸರಿಮಾಡಬೇಕಾದ್ದನ್ನೇ ತೆಗೆದುಬಿಟ್ಟಿರಲ್ಲ" ಎಂದೆ. "ಆಸರೆ ಇದ್ರೆ ಇದರ ನಡಿಗೆ ಗೊತ್ತಾಗಕಿಲ್ಲ ಮೇಷ್ಟ್ರೇ. ಮೊದ್ಲು ಇದು ಒಂಟಿಯಾಗಿ ಹೆಂಗೆ ಓಡ್ತದೆ ನೋಡೋಣ" ಎಂದರು.

ಆಮೇಲಿನ ಕೆಲಸ ಸಾವಧಾನದ್ದು. ಹಲ್ಲು ಕೆಳಮುಖವಾಗಿ, ನಿಂತವನ ಕಡೆಗೆ ಇರುವಂತೆ ಪಟ್ಟಿಯನ್ನು ಚಕ್ರಗಳಿಗೆ ಏರಿಸಬೇಕು. ಸ್ವಲ್ಪ ಬಿಗಿ ಕೊಟ್ಟು, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ವಾಲಿನ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಾ, ಪಟ್ಟಿ ಟೈರಿನ ನಡುವಿಗೆ ಬರುವವರೆಗೆ ಕಾಯಬೇಕು. ಬಿಗಿ ಹೆಚ್ಚಿಸಿದರೆ ಪಟ್ಟಿ ಮತ್ತೆ ಸರಿಯುತ್ತದೆ, ಮತ್ತೆ ನೋಡಬೇಕು. ಬಿಗಿಯನ್ನು ತೋರಿಸುವ ಅಳತೆಯ ಗೀಟುಗಳು ಯಂತ್ರದ ಮೇಲೇ ಇದ್ದವು. ಆಚಾರ್ರು ಅವುಗಳ ಕಡೆ ನೋಡಲೇ ಇಲ್ಲ. ಹಳೆಯ ಯಂತ್ರದಲ್ಲಿ ಒಳಗಿನ ಸ್ಪ್ರಿಂಗು ಸೋತಿರುತ್ತದೆ. ಗೀಟು ಹೇಳುವುದು ಸ್ಪ್ರಿಂಗು ಹೊಸದಾಗಿದ್ದ ಕಾಲದ ಮಾತು. ಪಟ್ಟಿಯ ಮಗ್ಗುಲನ್ನು ಬೆರಳಿನಿಂದ ಒತ್ತಿ ನೋಡಿ, ಸಾಕು ಎಂದರು. ಅಂಕಪಟ್ಟಿಗಳ ನಡುವೆ ಬದುಕುವ ನನಗೆ ಈ ಉಪೇಕ್ಷೆ ತುಂಬ ಹಿಡಿಸಿತು. ಅನಂತರ ಮೇಜು ಪಟ್ಟಿಗೆ ನೇರವಾಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿದರು.

ಇಷ್ಟೆಲ್ಲ ಆದಮೇಲೆ ಗೈಡುಗಳ ಸರದಿ. ಬೆನ್ನ ಹಿಂದಿನ ಬೇರಿಂಗನ್ನು ಪಟ್ಟಿಯ ಹತ್ತಿರಕ್ಕೆ ತಂದು, ಇನ್ನೇನು ಮುಟ್ಟಬೇಕು ಎನ್ನುವಾಗ ನಿಲ್ಲಿಸಬೇಕು. ಗರಗಸ ಬರಿದೇ ಓಡುತ್ತಿರುವಾಗ ಆ ಬೇರಿಂಗು ತಿರುಗಕೂಡದು. ಮರವನ್ನು ದೂಡಿ, ಪಟ್ಟಿ ಹಿಂದಕ್ಕೆ ಒತ್ತಿದಾಗ ಮಾತ್ರ ತಿರುಗಬೇಕು. ಮಗ್ಗುಲ ಗೈಡುಗಳನ್ನು ಹಲ್ಲಿನ ಬುಡಕ್ಕಿಂತ ತುಸು ಹಿಂದಕ್ಕೇ ನಿಲ್ಲಿಸಬೇಕು. ಮುಂದೆ ಬಂದರೆ, ಬೇಕೆಂದೇ ಎಡಕ್ಕೂ ಬಲಕ್ಕೂ ಬಾಗಿಸಿರುವ ಹಲ್ಲುಗಳು ಉಕ್ಕಿಗೆ ತಗುಲಿ ಕೆಡುತ್ತವೆ. ಪಟ್ಟಿಗೂ ಮಗ್ಗುಲ ಗೈಡಿಗೂ ನಡುವೆ ಎಷ್ಟು ಜಾಗ? ಆಚಾರ್ರು ನನ್ನ ಕಡೆ ಕೈ ನೀಡಿ ಒಂದು ಕಾಗದ ಕೇಳಿದರು. ಜೇಬಿನಲ್ಲಿ ಹತ್ತು ರೂಪಾಯಿ ನೋಟು ಇತ್ತು. ಅದನ್ನು ಪಟ್ಟಿಗೂ ಗೈಡಿಗೂ ನಡುವೆ ಹಿಡಿದು, ಗೈಡನ್ನು ಅದಕ್ಕೆ ತಾಗಿಸಿ, ತಿರುಪು ಬಿಗಿದು, ನೋಟನ್ನು ಎಳೆದುಕೊಂಡರು. ನಾಲ್ಕು ಕಡೆಯೂ ಹಾಗೆಯೇ. ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಚೀಚೆ. ನೋಟು ಎಣ್ಣೆ ಬಳಿದುಕೊಂಡು ನನ್ನ ಜೇಬಿಗೆ ಹಿಂದಿರುಗಿತು.

ನಾನು ಆ ಷೆಡ್ಡಿಗೆ ಹೋದದ್ದು ಯಂತ್ರ ನೋಡುವುದಕ್ಕಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹುಡುಗನ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆ ವಾರ ನಮ್ಮ ಮನೆಗೆ ಬಂದು, ಕಾಫಿಯನ್ನು ಮುಟ್ಟದೆ ಆರಲು ಬಿಟ್ಟು, "ಮೇಷ್ಟ್ರೇ, ನಿಮ್ಮ ಮಾತನ್ನ ಅವನು ತೆಗೆದುಹಾಕೋದಿಲ್ಲ. ಈ ಹುಚ್ಚು ಬಿಟ್ಟು ಬಿ.ಎಡ್. ಮಾಡು ಅಂತ ಒಂದು ಮಾತು ಹೇಳಿ" ಎಂದಿದ್ದರು. ಅವರ ಮಾತು ನಿಜ. ನಾನು ಹೇಳಿದ್ದರೆ ಅವನು ಕೇಳುತ್ತಿದ್ದ. ನನ್ನ ಸಂಕಟವಿದ್ದದ್ದೇ ಅಲ್ಲಿ. ಕೇಳದವನಿಗೆ ಬುದ್ಧಿ ಹೇಳುವುದರಲ್ಲಿ ಯಾವ ಹೊಣೆಯೂ ಇಲ್ಲ; ಕಂಠಶೋಷಣೆ ಮಾತ್ರ. ಕೇಳುವವನಿಗೆ ಹೇಳುವಾಗ ನಮ್ಮ ಒಂದು ವಾಕ್ಯ ಅವನ ಮೂವತ್ತು ವರ್ಷವಾಗುತ್ತದೆ.

ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ಯೋಚಿಸದೆ ಬಿಟ್ಟವರಲ್ಲ. ಶ್ರೀವೈಷ್ಣವರಲ್ಲಿ ಎರಡು ನ್ಯಾಯಗಳು ಪ್ರಸಿದ್ಧ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವಡಗಲೆಯವರು ಮೊದಲನೆಯದನ್ನು ಹಿಡಿದರು, ತೆಂಗಲೆಯವರು ಎರಡನೆಯದನ್ನು. ಅದು ಭಗವಂತನ ಕೃಪೆಯ ವಿಚಾರ; ಬಿ.ಎಡ್. ಸೀಟಿನ ವಿಚಾರಕ್ಕೆ ಎಳೆದು ತರುವುದು ಉದ್ಧಟತನವೇ ಸರಿ. ಆದರೂ ಒಂದು ಮಾತು ಹೊಳೆಯಿತು. ಎರಡು ಉಪಮೆಗಳಲ್ಲೂ ಹಿಡಿತವಿದೆ. ಹಿಡಿಯುವವರು ಯಾರೆಂಬುದರಲ್ಲಿ ಮಾತ್ರ ವಿವಾದ. ಮನುಷ್ಯರು ಮನುಷ್ಯರಿಗೆ ದಾರಿ ತೋರುವಾಗಲೂ ನಾವು ಈ ಎರಡರ ಆಚೆಗೆ ಯೋಚಿಸುವುದಿಲ್ಲ. ಶಿಷ್ಯ ಗುರುವಿನ ಕಾಲು ಹಿಡಿಯಬೇಕು, ಇಲ್ಲವೆ ಗುರು ಶಿಷ್ಯನ ಕಿವಿ ಹಿಡಿಯಬೇಕು. ಹಿಡಿಯದೆ, ಹೋಗದೆ, ಹತ್ತಿರದಲ್ಲಿ ಸುಮ್ಮನೆ ಇರುವುದನ್ನು ನಮ್ಮ ಜನ ಮಾರ್ಗದರ್ಶನವೆಂದು ಒಪ್ಪುವುದಿಲ್ಲ. ಬೇರಿಂಗು ತಿರುಗುತ್ತಲೇ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತಿದೆಯೆಂದು ತಿಳಿಯುವವರೇ ಹೆಚ್ಚು.

ಇದನ್ನು ಸಹೋದ್ಯೋಗಿ ಮಿತ್ರರೊಬ್ಬರ ಮುಂದೆ ಹೇಳಿದೆ. ಅವರು ತರ್ಕಶಾಸ್ತ್ರದವರು, ಬಿಡಲಿಲ್ಲ. "ಅಂತರ ಅನ್ನೋದು ಸೋಮಾರಿಗಳಿಗೆ ಒಳ್ಳೆಯ ನೆಪ. ಹುಡುಗರ ಸ್ವಾತಂತ್ರ್ಯಕ್ಕೆ ಅಡ್ಡಿ ಬರಬಾರದು ಅಂತ ಹೇಳಿ ಪಾಠವನ್ನೇ ಮಾಡದ ಮಹಾನುಭಾವರನ್ನ ನಾನು ನೋಡಿದ್ದೇನೆ" ಎಂದರು. ನಾನೂ ನೋಡಿದ್ದೇನೆ. ಈ ಆಕ್ಷೇಪಣೆಗೆ ಆಚಾರ್ರ ಷೆಡ್ಡಿನಲ್ಲೇ ಉತ್ತರವಿತ್ತು. ಮಗ್ಗುಲ ಗೈಡನ್ನು ಕಾಗದದ ಬದಲು ರಟ್ಟಿನಷ್ಟು ದೂರ ಇಟ್ಟರೂ ಸಾಕು, ಮರದ ಗಂಟಿಗೆ ಸಿಕ್ಕಿದ ಪಟ್ಟಿ ತಿರುಚಿಕೊಳ್ಳುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. ಬೆನ್ನಿಗೆ ಬೇರಿಂಗು ದೂರವಿದ್ದರೆ ಪಟ್ಟಿ ಹಿಂದೆ ಜಾರಿ ಚಕ್ರದಿಂದಲೇ ಕಳಚಿ ಬೀಳಬಹುದು. ನಿಮಿಷಕ್ಕೆ ಸುಮಾರು 900 ಮೀಟರು ವೇಗದಲ್ಲಿ ಓಡುವ ಉಕ್ಕಿನ ವಿಷಯ ಇದು. ಮೇಲಿನ ಗೈಡಿರುವ ಕಂಬವನ್ನು ಮರದ ಮೇಲಕ್ಕೆ ಕಾಲಿಂಚಿನವರೆಗೂ ಇಳಿಸಬೇಕು. ಎತ್ತರದಲ್ಲೇ ಬಿಟ್ಟರೆ ಪಟ್ಟಿಗೆ ಆಸರೆ ತಪ್ಪುತ್ತದೆ, ಕೊಯ್ಯುವವನ ಬೆರಳಿಗೂ ಅಪಾಯ. ಹಳೆಯ ಅಗ್ಗದ ಯಂತ್ರಗಳಲ್ಲಿ ಈ ಕಂಬ ನೆಟ್ಟಗೆ ಇಳಿಯುವುದಿಲ್ಲ. ಮೂರಿಂಚಿನ ಮರಕ್ಕೆ ಹೊಂದಿಸಿದ ಅಂತರ ಒಂದಿಂಚಿನ ಹಲಗೆಗೆ ಹೊಂದುವುದಿಲ್ಲ. ಪ್ರತಿ ಸಲ ಎತ್ತರ ಬದಲಾಯಿಸಿದಾಗಲೂ ಮತ್ತೆ ಕಾಗದ ಹಿಡಿದು ಕೂರಬೇಕು. ಮುಟ್ಟದೆ ಇರುವುದು ಒತ್ತಿ ಹಿಡಿಯುವುದಕ್ಕಿಂತ ಹೆಚ್ಚು ಶ್ರಮದ ಕೆಲಸ. ನನ್ನ ಮಿತ್ರರು ಹೇಳಿದ ಮಹಾನುಭಾವರು ಈ ಶ್ರಮವನ್ನು ಪಡುವವರಲ್ಲ. ಅವರದು ಅಂತರವಲ್ಲ, ಗೈರುಹಾಜರಿ.

ಇನ್ನೊಂದು ಸಂಗತಿ ನನ್ನ ಸಿದ್ಧಾಂತಕ್ಕೆ ಅಷ್ಟು ಅನುಕೂಲವಾಗಿಲ್ಲ, ಆದರೂ ಹೇಳುತ್ತೇನೆ. ಬಾಗುಗಳನ್ನು ಕೊಯ್ಯಲು ಕಿರಿದಾದ ಪಟ್ಟಿ ಬೇಕು. ಅರ್ಧ ಇಂಚಿನ ಪಟ್ಟಿ ಎರಡೂವರೆ ಇಂಚು ತ್ರಿಜ್ಯಕ್ಕಿಂತ ಚಿಕ್ಕ ಬಾಗನ್ನು ತಿರುಗಲಾರದು. ಕಾಲಿಂಚಿನದು ಮುಕ್ಕಾಲು ಇಂಚಿಗಿಂತ ಚಿಕ್ಕದನ್ನೂ ತಿರುಗುತ್ತದೆ. ಇನ್ನೂ ಕಿರಿದು, ಒಂದು ಇಂಚಿನ ಎಂಟನೆಯ ಒಂದು ಭಾಗದ ಪಟ್ಟಿಯೂ ಉಂಟು. ಅದಕ್ಕೆ ಈ ಕಾಗದದ ಲೆಕ್ಕ ನಡೆಯುವುದಿಲ್ಲ. ಉಕ್ಕಿನ ಗೈಡುಗಳನ್ನು ಕಿತ್ತು, ಗಟ್ಟಿ ಮರದ ಎರಡು ತುಂಡುಗಳನ್ನು ಕೂರಿಸಿ, ಪಟ್ಟಿಯನ್ನು ಎರಡು ಕಡೆಯಿಂದಲೂ ಮುಟ್ಟುವಂತೆ ಹಿಡಿಸುತ್ತಾರೆ. ಹಲ್ಲು ತಗುಲಿದರೂ ಮರವಾದ್ದರಿಂದ ಹಲ್ಲಿಗೆ ಕೇಡಿಲ್ಲ, ಸವೆಯುವುದು ಮರವೇ. ತೀರ ಎಳೆಯದಕ್ಕೆ ಅಂತರ ಸಲ್ಲದು, ಸ್ಪರ್ಶವೇ ಬೇಕು. ಆದರೆ ಮುಟ್ಟುವುದು ಅದಕ್ಕಿಂತ ಮೆತ್ತಗಿರಬೇಕು, ಸವೆಯುವ ಪಾಲು ಮುಟ್ಟುವವನದಾಗಿರಬೇಕು. ಪ್ರಾಥಮಿಕ ಶಾಲೆಯ ಒಳ್ಳೆಯ ಉಪಾಧ್ಯಾಯಿನಿಯರನ್ನು ನೆನೆದರೆ ಈ ಮಾತು ಅತಿಶಯವೆನಿಸುವುದಿಲ್ಲ. ಇಪ್ಪತ್ತಮೂರು ವರ್ಷದ ಹುಡುಗ ಎಂಟನೆಯ ಒಂದು ಭಾಗದ ಪಟ್ಟಿಯಲ್ಲ. ಹಾಗೆಂದು ಅವನ ತಂದೆಗೆ ಹೇಳುವುದು ಹೇಗೆ? ತಂದೆಗೆ ಮಗ ಎಂದಿಗೂ ಅಷ್ಟೇ ಅಗಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೊನೆಗೆ ಬಂದಿತು. ಎಲ್ಲವನ್ನೂ ಹೊಂದಿಸಿದ ಮೇಲೂ ಪಟ್ಟಿ ಗೆರೆಯಿಂದ ತುಸು ಎಡಕ್ಕೆ ವಾಲಿ ಕೊಯ್ಯುತ್ತಿತ್ತು. ಇದಕ್ಕೆ ಡ್ರಿಫ್ಟು ಎನ್ನುತ್ತಾರೆ. ಹಲಗೆಯನ್ನು ನೇರವಾಗಿ ನಡೆಸಲು ಮೇಜಿನ ಮೇಲೆ ಫೆನ್ಸು ಎಂಬ ಅಡ್ಡಪಟ್ಟಿ ಇರುತ್ತದೆ. ಹುಡುಗ ಹೇಳಿದ: "ಫೆನ್ಸನ್ನೇ ಪಟ್ಟಿ ವಾಲೋ ಕಡೆಗೆ ಸ್ವಲ್ಪ ತಿರುಗಿಸಿಬಿಡೋಣ, ಆಗ ಸರಿಹೋಗುತ್ತೆ." ಆಚಾರ್ರು ಒಪ್ಪಲಿಲ್ಲ. "ವಾಲೋಕೆ ಕಾರಣ ಇರ್ತದೆ ಕಣಪ್ಪ, ಅದನ್ನ ಹುಡುಕು." ಮರಗೆಲಸದವರಲ್ಲಿ ಈ ಎರಡು ಪಂಥಗಳೂ ಉಂಟಂತೆ: ಪಟ್ಟಿಯ ಸ್ವಭಾವಕ್ಕೆ ಫೆನ್ಸನ್ನು ಹೊಂದಿಸುವವರು, ಪಟ್ಟಿಯನ್ನೇ ಚಕ್ರದ ಮೇಲೆ ಸರಿಸಿ ಫೆನ್ಸಿಗೆ ಹೊಂದಿಸುವವರು. ಎರಡು ಕಡೆಯೂ ಕೈಬೆರಳು ಸವೆಸಿದ ಅನುಭವಸ್ಥರೇ ಇದ್ದಾರೆ.

ನನ್ನ ಎಣಿಕೆಯಲ್ಲಿ ಇಬ್ಬರದೂ ಸರಿ, ಆದರೆ ಹಿಂದುಮುಂದಾಗಕೂಡದು. ಒಂದು ಮಗ್ಗುಲ ಹಲ್ಲು ಮೊಂಡಾದರೆ ಪಟ್ಟಿ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಅದನ್ನು ಪಟ್ಟಿಯ ಸ್ವಭಾವವೆಂದು ಗೌರವಿಸಿ ಫೆನ್ಸನ್ನು ತಿರುಗಿಸುವುದು ರೋಗಕ್ಕೆ ಮಣೆ ಹಾಕಿದಂತೆ. ಚಕ್ರದ ಮೇಲೆ ಪಟ್ಟಿ ಕೂತ ಜಾಗ ತಪ್ಪಿದ್ದರೂ ವಾಲುತ್ತದೆ; ಆ ತಪ್ಪು ಯಂತ್ರದ್ದು, ಪಟ್ಟಿಯದಲ್ಲ. ಬಿಗಿ ಸಾಲದಿದ್ದರೂ ಹಾಗೆಯೇ. ಇವನ್ನೆಲ್ಲ ಒಂದೊಂದಾಗಿ ನೋಡಿ, ಸರಿಪಡಿಸಿ, ಆಮೇಲೂ ಉಳಿದ ವಾಲು ಎಷ್ಟಿದೆಯೋ ಅಷ್ಟು ಮಾತ್ರ ಪಟ್ಟಿಯದೇ ಸ್ವಭಾವ. ಅದಕ್ಕೆ ಫೆನ್ಸು ತಲೆಬಾಗಬೇಕು. ತೊಡಕಿರುವುದು, ಸವೆತ ಮುಗಿದು ಸ್ವಭಾವ ಶುರುವಾಗುವ ಜಾಗ ಇದೇ ಎಂದು ಯಾರೂ ಗೆರೆ ಎಳೆದಿಟ್ಟಿಲ್ಲ ಎಂಬಲ್ಲಿ. ಈ ಹುಡುಗ ಮರದ ಕಡೆಗೆ ವಾಲಿದ್ದು ಎರಡು ವರ್ಷ ಅರ್ಜಿ ಹಾಕಿ ಮನಸ್ಸು ಮೊಂಡಾದದ್ದರಿಂದಲೇ, ಅಥವಾ ಅವನ ಧಾತುವೇ ಹಾಗೋ? ಮೊದಲನೆಯದಾದರೆ ತಂದೆಯ ಮಾತು ನಿಜ. ಅವನನ್ನು ತಿರುಗಿಸಿ ಕಳಿಸುವುದು ನನ್ನ ಕರ್ತವ್ಯ. ಎರಡನೆಯದಾದರೆ ನಾನು ಬಾಯಿ ಬಿಡುವುದೇ ಅಧರ್ಮ.

ಆಚಾರ್ರು ಆ ದಿನ ಮಾಡಿದ್ದು ಹೀಗೆ. ಪಟ್ಟಿಯನ್ನು ಮತ್ತೊಮ್ಮೆ ಚಕ್ರದ ಮೇಲೆ ಸರಿಸಿದರು. ವಾಲು ಅರ್ಧಕ್ಕಿಂತ ಕಡಿಮೆಯಾಯಿತು. ಬಿಗಿ ಸ್ವಲ್ಪ ಏರಿಸಿದರು; ಇನ್ನಷ್ಟು ಇಳಿಯಿತು. ಆಮೇಲೆ ಒಂದು ರದ್ದಿ ಹಲಗೆಗೆ ಗೆರೆ ಎಳೆದು, ಫೆನ್ಸಿಲ್ಲದೆ, ಗೆರೆಯ ಮೇಲೆಯೇ ಕೊಯ್ಯುತ್ತಾ ಬರಲು ಹುಡುಗನಿಗೆ ಹೇಳಿದರು. ಅರ್ಧ ಹಲಗೆ ಕೊಯ್ದಾಗ ನಿಲ್ಲಿಸಿ, ಹಲಗೆ ಯಾವ ಕೋನದಲ್ಲಿ ನಿಂತಿತ್ತೋ ಆ ಕೋನಕ್ಕೆ ಮೇಜಿನ ಮೇಲೆ ಗೀಟು ಹಾಕಿದರು. ಫೆನ್ಸನ್ನು ಆ ಗೀಟಿಗೆ ತಿರುಗಿಸಿ ಬಿಗಿದರು. ಹುಡುಗನ ಮಾತೇ ಕೊನೆಗೆ ನಡೆಯಿತು. ಆದರೆ ಅವನು ಮೊದಲು ಹೇಳಿದ್ದರಲ್ಲಿ ಕಾಲುಭಾಗ ಮಾತ್ರ.

ನಾನು ಅವನಿಗೆ ಬಿ.ಎಡ್. ಮಾಡೆಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾಲ್ಕು ಪ್ರಶ್ನೆ ಕೇಳಿದೆ. ನಾಳೆ ಸರ್ಕಾರಿ ಕೆಲಸದ ಆದೇಶ ಕೈಗೆ ಬಂದರೆ ಏನು ಮಾಡುತ್ತೀಯೆ ಎಂಬುದು ಅವುಗಳಲ್ಲಿ ಒಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ತೀನೇನೋ ಸಾರ್. ಆದರೆ ಈ ಯಂತ್ರ ಮಾರೋದಿಲ್ಲ" ಎಂದ. ಅವನ ತಂದೆಗೆ ಅದನ್ನು ಹಾಗೆಯೇ ತಲುಪಿಸಿದೆ. ಅದರ ಮೇಲೆ ನನ್ನ ವ್ಯಾಖ್ಯಾನ ಬರೆಯಲಿಲ್ಲ. ಅವರಿಗೆ ನನ್ನ ಮೇಲೆ ಸಿಟ್ಟು ಬಂದಂತೆ ತೋರಿತು. ಬರುವುದು ನ್ಯಾಯವೇ. ಅವರು ಕೇಳಿದ್ದು ಬಾಯಲ್ಲಿ ಕಚ್ಚಿ ತರುವ ಬೆಕ್ಕನ್ನು.

ಕಳೆದ ಭಾನುವಾರ ಅವರು ಷೆಡ್ಡಿಗೆ ಹೋಗಿದ್ದರಂತೆ. ಇದನ್ನು ಹೇಳಿದವರು ಆಚಾರ್ರು. ಹುಡುಗ ಒಂದು ಮಣೆಗೆ ಹಲಸಿನ ಹಲಗೆ ಕೊಯ್ಯುತ್ತಿದ್ದ. ಇವರು ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತು ಒಂದು ಹಲಗೆ ಮುಗಿಯುವವರೆಗೂ ನೋಡಿದರು. ಮೋಟಾರು ನಿಂತ ಮೇಲೆ, "ಬೆರಳು ಜೋಪಾನ" ಎಂದು ಹೇಳಿ ಹೊರಟುಹೋದರು.